ಅತ್ತೆಯ ಫ್ರೀಜರಿನ ವಿಚಾರಣೆ

ಆ ಭಾನುವಾರ ಮಧ್ಯಾಹ್ನ ಅಮೆರಿಕದ ಓಷ್ಕೋಷ್ ಊರಿನ ಒಂದು ಗರಾಜಿನಲ್ಲಿ, ಮುಂದಿನ ಇತಿಹಾಸಕಾರರು ಕಡೆಗಣಿಸಲಾಗದಂಥ ವಿಚಾರಣೆಯೊಂದು ನಡೆಯಿತು. ಆರೋಪ: ಮನೆಯಲ್ಲೇ ತಯಾರಿಸಿದ ಬಿಯರನ್ನು ತಂಪು ಮಾಡುತ್ತ ಮಾಡುತ್ತ ವೆಂಡೆಲ್, ತೀರಿಹೋದ ಅತ್ತೆಯ ಫ್ರೀಜರನ್ನು ಸವೆಸಿ ಸಾಯಿಸುತ್ತಿದ್ದಾನೆ. ಫಿರ್ಯಾದಿ, ಹೆಂಡತಿಯ ತಮ್ಮ ಡೆಲ್ಬರ್ಟ್. ನ್ಯಾಯಾಧೀಶೆ, ಹೆಂಡತಿ ಆರ್ಡಿಸ್. ತೀರ್ಪಿನ ಬಗ್ಗೆ ಅನುಮಾನವಿಲ್ಲದ ಡೆಲ್ಬರ್ಟ್ ಫ್ರೀಜರ್ ಸಾಗಿಸಲು ಪಿಕಪ್ ಗಾಡಿಯನ್ನೇ ತಂದಿದ್ದ.

"ಅಮ್ಮ ಇದರಲ್ಲಿ ಜಿಂಕೆ ಮಾಂಸ ಇಡ್ತಿದ್ಲು. ಒಂದು ದಿನಾನೂ ಕೆಮ್ಮಿದ್ದಿಲ್ಲ ಇದು. ಈಗ ನೋಡಕ್ಕ, ಮುಚ್ಚಳ ತೆಗೆದ್ರೆ ಗುರ್ರ್, ಹಾಕಿದ್ರೆ ಗಪ್‌ಚುಪ್, ಮತ್ತೆ ಗುರ್ರ್. ಮೋಟಾರು ಎಷ್ಟಂತ ತಡ್ಕೊಳ್ಳುತ್ತೆ?"

ಮಾತು ಸುಳ್ಳಲ್ಲ. ಬಿಯರ್ ಹೆಪ್ಪುಗಟ್ಟದಿರಲೆಂದು ವೆಂಡೆಲ್ ಹೊರಗಿನಿಂದ, ತಂಪು ನೋಡಿಕೊಂಡು ಮೋಟಾರನ್ನು ನಿಲ್ಲಿಸುವ, ಎಬ್ಬಿಸುವ ಥರ್ಮೋಸ್ಟಾಟ್ ಒಂದನ್ನು ಜೋಡಿಸಿದ್ದ. ಶಾಖ ಅಳೆಯುವ ಅದರ ತಂತಿಯ ತುದಿ ಒಳಗೆ ಗಾಳಿಯಲ್ಲಿ ನೇತಾಡುತ್ತಿತ್ತು. ಬಂದವರಿಗೆಲ್ಲ ಮುಚ್ಚಳ ತೆಗೆದು ಬಾಟಲಿಗಳ ದರ್ಶನ ಮಾಡಿಸುವುದು ಅವನ ಚಾಳಿ. ಆ ತುದಿಗೆ ಬಿಸಿಗಾಳಿ ತಾಗಿದ್ದೇ ಮೋಟಾರು ಗಾಬರಿಬಿದ್ದು ಏಳುತ್ತಿತ್ತು.

ಆದರೆ ಅಂದು ಬೆಳಿಗ್ಗೆ ಆರ್ಡಿಸ್ ಕೋಳಿ ಬೇಯಿಸುವಾಗ, ಥರ್ಮಾಮೀಟರನ್ನು ಒಲೆಯ ಗಾಳಿಗೆ ಹಿಡಿಯದೆ ಮಾಂಸದೊಳಗೇ ಚುಚ್ಚಿದ್ದನ್ನು ವೆಂಡೆಲ್ ಕಂಡಿದ್ದ. ಕಂಡವನೇ ಒಂದು ಖಾಲಿ ಉಪ್ಪಿನಕಾಯಿ ಭರಣಿ ಎತ್ತಿಕೊಂಡು ಗರಾಜಿಗೆ ನಡೆದಿದ್ದ. ಈಗ ತಂತಿಯ ತುದಿ ಭರಣಿಯ ನೀರಿನಲ್ಲಿ ಮುಳುಗಿ ಬಾಟಲಿಗಳ ನಡುವೆ ನೆಮ್ಮದಿಯಾಗಿತ್ತು. ಮುಚ್ಚಳ ತೆರೆದರೂ ನೀರು ಗಾಳಿಯಂತೆ ತಟಕ್ಕನೆ ಬಿಸಿಯಾಗುವುದಿಲ್ಲ.

"ರೇಡಿಯೋದಲ್ಲಿ ಬೇಸ್‌ಬಾಲ್ ಮುಗಿಯೋದ್ರೊಳಗೆ ಮೋಟಾರು ಎದ್ರೆ ಫ್ರೀಜರ್ ನಿಂದು," ಎಂದಳು ಆರ್ಡಿಸ್ ತಮ್ಮನಿಗೆ. "ಏಳದಿದ್ರೆ ಈ ರಾಗ ಇನ್ನು ನನ್ನ ಕಿವಿಗೆ ಬೀಳಕೂಡದು."

"ಹಾಗಾದ್ರೆ ಒಂದು ಬಿಯರ್ ಕುಡಿಯೋಣ," ಎಂದು ಡೆಲ್ಬರ್ಟ್ ತಾನೇ ಎದ್ದು ಮುಚ್ಚಳ ಪೂರ್ತಿ ತೆರೆದ. ತೆರೆದೇ ನಿಂತ.

"ಏನೋ ಹುಡುಕ್ತಿದ್ದೀಯ?" ಎಂದಳು ಆರ್ಡಿಸ್.

"ಯಾವುದು ತಗೊಳ್ಳಲಿ ಅಂತ."

"ಎಲ್ಲಾ ಒಂದೇ ಕಣೋ ಮಾರಾಯ."

ಮುಚ್ಚಳ ಬಿತ್ತು. ಮೂವರೂ ಕಿವಿಗೊಟ್ಟರು. ಸದ್ದಿಲ್ಲ. ಡೆಲ್ಬರ್ಟ್ ಗಟಗಟನೆ ಕುಡಿದು ಮತ್ತೆ ಎದ್ದ. ಮುಚ್ಚಳ ತೆರೆಯಲು ನೆಪ ಬೇಕು. ನೆಪಕ್ಕೆ ಬಾಟಲಿ ಖಾಲಿಯಾಗಬೇಕು. ಹಾಳಾದ್ದು ಆಟ ಸಮಬಲವಾಗಿ ಹೆಚ್ಚುವರಿ ಸುತ್ತುಗಳಿಗೆ ಎಳೆಯಿತು. ವೆಂಡೆಲ್‌ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತು. ಡೆಲ್ಬರ್ಟ್ ಈಗ ಫ್ರೀಜರಿಗೆ ಒರಗಿಕೊಂಡೇ ನಿಂತಿದ್ದ, ಕಾಲು ಸ್ವಂತದ್ದಾಗಿ ಉಳಿದಿರಲಿಲ್ಲ.

"ಬಿಯರ್ ಚೆನ್ನಾಗಿದೆ ಅಂತ ಹೇಳ್ತಿಲ್ಲ ಮತ್ತೆ..." ಎಂದು ಬೆರಳೆತ್ತಿದ.

ರೇಡಿಯೋದಲ್ಲಿ ಜನ ಹೋ ಎಂದರು. ಆಟ ಮುಗಿಯಿತು. ಮೋಟಾರು ಮಿಸುಕಲಿಲ್ಲ. ವೆಂಡೆಲ್ ಭರಣಿಯನ್ನು ಫ್ರೀಜರಿನಿಂದ ಮೇಲೆತ್ತಿ, ಪಂದ್ಯದಲ್ಲಿ ಗೆದ್ದ ಕಪ್ಪಿನಂತೆ ಹೆಂಡತಿಗೆ ತೋರಿಸಿದ.

"ಅದು ನನ್ನ ಭರಣಿ," ಎಂದಳು ಆರ್ಡಿಸ್. ನಗು ತಡೆಯಲಾಗಲಿಲ್ಲ ಅವಳಿಗೆ.

ಇಬ್ಬರೂ ಸೇರಿ ಡೆಲ್ಬರ್ಟನನ್ನು ಅವನದೇ ಪಿಕಪ್ಪಿಗೆ ಹತ್ತಿಸಿದರು. ಆರ್ಡಿಸ್ ಓಡಿಸಿಕೊಂಡು ಹೋಗಿ ಅವನನ್ನು ಮನೆಗೆ ಮುಟ್ಟಿಸಿ ಬಂದಳು. ಫ್ರೀಜರ್ ಇದ್ದಲ್ಲೇ ಇತ್ತು.