ಏಳು ಖಾನೆಯ ಡಬ್ಬಿ

"ನೋವಿನ ಮಾತ್ರೆ ಏನಾದ್ರೂ ತಗೋತೀರಾ ಅಜ್ಜಿ?" ಎಂದು ಡಾಕ್ಟರು ಕೇಳಿದ ಕೂಡಲೇ ದೊಡ್ಡಮ್ಮ "ಇಲ್ಲಪ್ಪ, ಯಾವುದೂ ಇಲ್ಲ" ಎಂದು ಕಟ್ಟಿದ ಮೂಗನ್ನು ಒರೆಸಿಕೊಂಡಳು. ಪಕ್ಕದಲ್ಲೇ ಅವಳ ಓರಗಿತ್ತಿ, ಮಡಿಲಲ್ಲಿ ಆ ಹಾಳು ಡಬ್ಬಿ. "ಕೆಲವರಿಗೆ ಆ ಮಾತ್ರೆಯಿಂದಲೇ ಪದೇ ಪದೇ ಮೂಗು ಕಟ್ಟುತ್ತೆ, ಎದೆ ಉರಿಯುತ್ತೆ. ಅದಕ್ಕೇ ಕೇಳಿದೆ," ಎಂದರು ಡಾಕ್ಟರು.

ದಿನಕ್ಕೊಂದರಂತೆ ವಾರಕ್ಕೆ ಏಳು ಖಾನೆಯ ಮಾತ್ರೆ ಡಬ್ಬಿ ಅದು. ಪ್ರತಿ ಭಾನುವಾರ ಓರಗಿತ್ತಿಯ ಮಗಳು ಕಾಲು ಚಾಚಿ ಕೂತು ಅಮ್ಮನ ಮಂಡಿನೋವಿನ ಮಾತ್ರೆ ತುಂಬುವುದನ್ನು ನೋಡಿದರೆ ಮಕ್ಕಳಿಲ್ಲದ ದೊಡ್ಡಮ್ಮನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ತನಗೇನು ಮಂಡಿಯೇ ಇಲ್ಲವೇ? ಮೂರು ತಿಂಗಳಿಂದ, ಓರಗಿತ್ತಿ ಸ್ನಾನಕ್ಕೆ ಹೋದದ್ದೇ ತಡ, ದೊಡ್ಡಮ್ಮ ಆ ದಿನದ ಖಾನೆಯಿಂದ ಒಂದು ಮಾತ್ರೆ ಎಗರಿಸಿ ನುಂಗುತ್ತಿದ್ದಳು. ಈಚೆಗಂತೂ ಖಾನೆಗೆ ಎರಡೆರಡು ಬೀಳುತ್ತಿದ್ದವು. ಅಮ್ಮನ ಮೇಲೆ ಅಷ್ಟೊಂದು ಮುದ್ದು!

"ಯಾಕಕ್ಕ ಮುಚ್ಚಿಡ್ತೀರಿ?" ಓರಗಿತ್ತಿ ಮೆಲ್ಲಗೆ ಅಂದಳು. "ದಿನಾ ಒಂದು ತಗೋತಾರೆ ಡಾಕ್ಟ್ರೇ. ನಂಗೆ ಬರೆದಿರೋದು ಒಂದೇ. ಮೊದಮೊದಲು ನಂಗೇ ಇರ್ತಿರಲಿಲ್ಲ. ಆಮೇಲೆ ನನ್ನ ಮಗಳೇ ಎರಡು ಹಾಕೋಕೆ ಶುರು ಮಾಡಿದ್ಲು. 'ಒಂದು ದೊಡ್ಡಮ್ಮಂಗೆ, ಪಾಪ, ಕೇಳೋಕೆ ಸಂಕೋಚ' ಅಂತಾಳೆ."

"ಇವತ್ತಿಂದಲೇ ನಿಲ್ಲಿಸಿ," ಎಂದರು ಡಾಕ್ಟರು.

ದೊಡ್ಡಮ್ಮ ಡಬ್ಬಿಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಭಾನುವಾರದ ಮುಚ್ಚಳದ ಮೇಲೆ ಬೆರಳಾಡಿಸಿದಳು.

"ಮಾತ್ರೆ ಬೇಡ ಬಿಡು," ಎಂದಳು ಓರಗಿತ್ತಿಗೆ. "ಆದ್ರೆ ನನ್ನ ಪಾಲಿಂದು ಹಾಕೋದು ನಿಲ್ಲಿಸ್ಬೇಡ ಅಂತ ಹೇಳು ನಿನ್ನ ಮಗಳಿಗೆ. ಒಂದು ಚೂರು ಕಲ್ಲುಸಕ್ಕರೆ ಆದ್ರೂ ಸರಿ."