ಹುಲ್ಲು ತುಂಬಿದ ಗಾಲಿ

ಈಗಲೂ ಎಲ್ಲಾದರೂ ಒದ್ದೆ ಹುಲ್ಲು ಸುಟ್ಟ ವಾಸನೆ ಬಂದರೆ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ.

ಯುದ್ಧದ ಕಾಲವದು. ಎಸ್ಟೇಟಿನ ದೊರೆಯೊಬ್ಬರಿಂದ ಅಪ್ಪ ಕೊಂಡಿದ್ದ ಪುಟ್ಟ ಹಳೆಯ ಕಾರಿಗೆ ಹೊಸ ಟ್ಯೂಬು ಎಲ್ಲೂ ಸಿಗುತ್ತಿರಲಿಲ್ಲ. ಇದ್ದ ಟ್ಯೂಬಿಗೆ ಪ್ಯಾಚಿನ ಮೇಲೆ ಪ್ಯಾಚು ಹಾಕಿಕೊಂಡೇ ಓಡಿಸುತ್ತಿದ್ದರು. ಆ ಮಧ್ಯಾಹ್ನ ಅದೂ ಹರಿಯಿತು. ಹೆರಿಗೆಗೆ ಬಂದಿದ್ದ ಅಪ್ಪನ ತಂಗಿ, ನನ್ನ ಅತ್ತೆ, ಎರಡು ದಿನದಿಂದ ಒಳಗೆ ನರಳುತ್ತಿದ್ದರು. ಸೂಲಗಿತ್ತಿ ಕೈಚೆಲ್ಲಿ, ಮಡಿಕೇರಿ ಆಸ್ಪತ್ರೆಗೆ ಒಯ್ಯಿರಿ ಎಂದಿದ್ದಳು.

ಅಪ್ಪ ಟೈರಿನೊಳಗೆ ಭತ್ತದ ಹುಲ್ಲು ತುರುಕತೊಡಗಿದರು. ಅಜ್ಜಿ ಅಂಗಳಕ್ಕೆ ಇಳಿದು ಬಂದರು.

“ಹಂಗೆ ತುರುಕಿದ್ರೆ ಹಟ್ಟಿಹೊಳೆ ದಾಟೋ ಹೊತ್ತಿಗೆ ಚಪ್ಪಟೆ ಆಗ್ತದೆ ಕಣೋ. ಕಾರು ನಿಂಗೆ ಗೊತ್ತು, ಹುಲ್ಲು ನಂಗೆ ಗೊತ್ತು. ಸರಿ ಆಚೆಗೆ.”

ಹುಲ್ಲಿಗೆ ನೀರು ಚಿಮುಕಿಸಿ ದಪ್ಪ ಹಗ್ಗ ಹೊಸೆಯಲು ಕುಳಿತರು. ತುದಿ ಹಿಡಿದವಳು ನಾನು.

“ಬಿಗಿಯಾಗಿ ಹಿಡ್ಕೊ ಮಗ. ನಿಮ್ಮತ್ತೆ ಇದರ ಮೇಲೇ ಹೋಗ್ಬೇಕು.”

ಹಗ್ಗವನ್ನು ಸುತ್ತುಸುತ್ತಾಗಿ ಟೈರಿನೊಳಗೆ ಕೂರಿಸಿ, ಅಪ್ಪ ಅತ್ತೆಯನ್ನು ಮಲಗಿಸಿಕೊಂಡು ಹೊರಟರು.

ಮಾರನೆಯ ಬೆಳಿಗ್ಗೆ ಅಪ್ಪ ಒಬ್ಬರೇ ಬಂದರು. ಗಾಲಿಯಿಂದ ಹೊಗೆ ಏಳುತ್ತಿತ್ತು.

“ಆಸ್ಪತ್ರೆ ಮುಟ್ತಾ?” ಅಜ್ಜಿ ಕೇಳಿದರು.

“ಮುಟ್ತು ಅವ್ವ.”

ಅಷ್ಟು ಕೇಳಿದ್ದೇ ಅಜ್ಜಿ ಹೊಸ ಹುಲ್ಲಿಗೆ ನೀರು ಚಿಮುಕಿಸಿ ತುದಿಯನ್ನು ನನ್ನ ಕೈಗಿಟ್ಟರು. “ಕರ್ಕೊಂಡು ಬರೋಕೂ ಗಾಲಿ ಬೇಕಲ್ಲ.”

ಅಪ್ಪ ಗಾಲಿಯ ಪಕ್ಕ ಕುಳಿತು ಕರಕಲಾದ ಹುಲ್ಲನ್ನು ಎಳೆಎಳೆಯಾಗಿ ಕೀಳುತ್ತಿದ್ದರು. ತಲೆ ಎತ್ತಲಿಲ್ಲ.

“ಅಷ್ಟು ಬಿಗಿಯಾಗಿ ಬೇಡ ಅವ್ವ. ಇನ್ನು ಅವಸರ ಇಲ್ಲ. ನಿಧಾನಕ್ಕೆ ಬರ್ತೀನಿ.”

ಅಜ್ಜಿಯ ಕೈ ನಿಂತಿತು. ನಾನು ಮಾತ್ರ, ಹೇಳಿಕೊಟ್ಟ ಹಾಗೆ, ತುದಿಯನ್ನು ಬಿಗಿಯಾಗಿ ಹಿಡಿದೇ ಇದ್ದೆ.