ನೀರು ತಾಗದ ಕೈ

ಬುಟ್ಟಿ ಹೆಣೆಯುತ್ತ ಕೂತಲ್ಲೇ ಲೊನಾನ್ ನಿದ್ದೆ ಹೋಗಿದ್ದ. ಅವನ ಬಲಗೈ ಮಾತ್ರ ಎಚ್ಚರವಾಗಿತ್ತು. ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತ ತಾಯಿ ಲಸಾರ್ ನೋಡುತ್ತಿದ್ದಂತೆಯೇ ಅದು ನೆಲಕ್ಕೆ ಹಾಸಿದ ಜೊಂಡಿನ ಮೇಲೆ ತಡವರಿಸುತ್ತ ಹೋಗಿ, ಕಡ್ಡಿ ಸೀಳುವ ಚೂರಿಯನ್ನು ಹಿಡಿದುಕೊಂಡಿತು. ಆಮೇಲೆ ಒಲೆಯ ಕಲ್ಲಿಗೆ ಒತ್ತಿ ನಿಧಾನವಾಗಿ ಮಸೆಯತೊಡಗಿತು. ಮಗ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ.

"ಲೊನಾನ್, ಏಳೋ. ಏನ್ ಮಾಡ್ತಿದೀಯ?"

ಅವನು ಎಡಗೈಯಿಂದ ಕಣ್ಣುಜ್ಜಿಕೊಂಡ. "ಏನಿಲ್ಲಮ್ಮ. ರಾತ್ರಿಯೆಲ್ಲ ಪ್ರಾರ್ಥನೆಗೆ ಕೂತಿದ್ನಲ್ಲ, ಹಾಗೇ ಕಣ್ಣು ಹತ್ತಿಬಿಡ್ತು. ಗರ್ಬಾನ್ ಬಂದ್ನಾ?" ಚೂರಿ ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು. ಬಲಗೈಯ ಬೆರಳುಗಳನ್ನು ಎಡಗೈಯಿಂದ ಬಿಡಿಸಿ ಅದನ್ನು ಕೆಳಗಿಟ್ಟ. "ಈ ಕೈ ನನ್ನ ಮಾತೇ ಕೇಳಲ್ಲ ನೋಡು," ಎಂದು ನಕ್ಕ. ನಗುವಂಥದ್ದು ಏನಿತ್ತೋ ಅವನಿಗೇ ಗೊತ್ತು.

ಗರ್ಬಾನ್ ಎಂದರೆ ಲೊನಾನನ ತಂದೆ ಐಲಿಲ್‌ನನ್ನು ಕೊಂದವನು. ಈಗ ಮುದುಕನಾಗಿ, ಮಾಡಿದ್ದಕ್ಕೆಲ್ಲ ಮರುಗಿ, ಈ ಬೆಳಿಗ್ಗೆ ಹೊಳೆಯಲ್ಲಿ ಮುಳುಗಿ ಕ್ರಿಸ್ತನವನಾಗುವ ಜ್ಞಾನಸ್ನಾನಕ್ಕೆ ಬರುವವನಿದ್ದ. ಅವನನ್ನು ಕೈಹಿಡಿದು ಹೊಳೆಗಿಳಿಸುವವನು ತಾನೇ ಎಂದು ಲೊನಾನ್ ಹಟ ಹಿಡಿದಿದ್ದ. ಬಂಗಾರದಂಥ ಮಗ. ಆದರೆ ಪ್ರಾರ್ಥನೆಗೆ ನಿಂತಾಗ ಅವನ ಎಡಗೈ ಎದೆಗೆ ಬಂದರೂ ಬಲಗೈ ಬರುತ್ತಿರಲಿಲ್ಲ. ಗುಡಿಯಲ್ಲಿ ಪ್ರಸಾದವೆಂದು ಕೊಟ್ಟ ರೊಟ್ಟಿ ಅದರಿಂದ ಜಾರಿ ಬೀಳುತ್ತಿತ್ತು. ಯಾಕೆಂದು ಲಸಾರ್‌ಗೆ ಚೆನ್ನಾಗಿ ಗೊತ್ತಿತ್ತು.

ಲೊನಾನ್ ಕೂಸಾಗಿದ್ದಾಗಿನ ಮಾತು. ಸಮುದ್ರದಾಚೆಯ ಬ್ರಿಟನ್ನಿನಿಂದ ಬ್ರಿವಾಲ್ ಗುರುಗಳು ಒಂದು ಕೈಗಂಟೆ, ಒಂದು ಕೋಲು ಹಿಡಿದು ಕ್ರಿಸ್ತನ ಮಾತು ಸಾರಲು ಐರ್ಲೆಂಡಿಗೆ ಬಂದ ಹೊಸತು. ತಾಯಂದಿರು ಮಕ್ಕಳನ್ನೆತ್ತಿಕೊಂಡು ಹೊಳೆಗಿಳಿದರು, ನಿಜ. ಆದರೆ ಗಂಡುಮಕ್ಕಳ ಬಲಗೈಯನ್ನು ಮಾತ್ರ ನೀರಿನ ಮೇಲೆ ಎತ್ತಿ ಹಿಡಿದರು. ಕ್ಷಮಿಸು ಎನ್ನುವ ದೇವರಿಗೆ ಮೈಯೆಲ್ಲ ಕೊಡೋಣ, ಕತ್ತಿ ಹಿಡಿಯುವ ಕೈ ನಮಗಿರಲಿ, ಅಂತ. ಐಲಿಲ್‌ನನ್ನು ಮಣ್ಣು ಮಾಡಿ ಇನ್ನೂ ತಿಂಗಳಾಗಿರಲಿಲ್ಲ. ಲಸಾರ್ ಸೊಂಟದ ಕೂಸಿನೊಂದಿಗೆ ತಾನೂ ಮುಳುಗಿದಳು. ಅವಳ ಮುಷ್ಟಿ, ಅದರೊಳಗೆ ಕೂಸಿನ ಕೈ, ಇವೆರಡೇ ನೀರಿನ ಮೇಲೆ ಕಾಣುತ್ತಿದ್ದವೆಂದು ದಡದಲ್ಲಿದ್ದವರು ಎಷ್ಟೋ ದಿನ ಹೇಳಿಕೊಂಡು ನಕ್ಕಿದ್ದರು.

ಲಸಾರ್ ಹಾಲನ್ನು ಅಲ್ಲೇ ಇಟ್ಟು ಹೊಳೆಗೆ ಓಡಿದಳು. ಬ್ರಿವಾಲ್ ಗುರುಗಳು ನಿಲುವಂಗಿಯನ್ನು ಮೇಲಕ್ಕೆ ಕಟ್ಟಿಕೊಂಡು ನೀರಿಗಿಳಿಯುತ್ತಿದ್ದರು.

"ಗುರುಗಳೇ, ನನ್ನ ಮಗನ ಕೈ ಗರ್ಬಾನ್‌ನ ಕೊಲ್ಲತ್ತೆ. ಮಗ ಅಲ್ಲ, ಅವನ ಕೈ. ಅವತ್ತು ನಾನದನ್ನ ಮುಳುಗಿಸ್ಲಿಲ್ಲ."

"ಗೊತ್ತಮ್ಮ. ನೋಡಿದ್ದೆ."

"ನೋಡೀನೂ ಸುಮ್ಮನಿದ್ರಾ?"

"ಬಾಯಿ ಬಿಟ್ಟಿದ್ರೆ ಮಗೂನ ಎತ್ಕೊಂಡು ಮನೆಗೆ ಹೊರಟುಬಿಡ್ತಿದ್ದೆ ನೀನು. ಮೈಯೆಲ್ಲ ಬಂತಲ್ಲ, ಕೈ ಹಿಂದಿನಿಂದ ತಾನಾಗಿ ಬರತ್ತೆ ಅಂದ್ಕೊಂಡೆ. ನಂದೂ ತಪ್ಪೇ." ಗುರುಗಳು ನಿಲುವಂಗಿಯ ತೋಳು ಮೇಲೇರಿಸಿದರು. "ಕರಿ ಅವನನ್ನ. ಗರ್ಬಾನ್ ಬರೋದ್ರೊಳಗೆ ಉಳಿದದ್ದನ್ನ ಮುಗಿಸೋಣ."

ಲೊನಾನ್ ಬಂದು ಎದೆಮಟ್ಟದ ನೀರಿನಲ್ಲಿ ನಿಂತ. ಗುರುಗಳು ಅವನ ಬಲಗೈಯನ್ನು ಎರಡೂ ಕೈಯಿಂದ ಹಿಡಿದು ಒತ್ತಿದರು. ಕೈ ಇಳಿದಷ್ಟೂ ನೀರು ಸರಿದು ಜಾಗ ಬಿಟ್ಟುಕೊಟ್ಟಿತು. ಸುತ್ತ ಹೊಳೆ ಹರಿಯುತ್ತಿತ್ತು, ನಡುವೆ ಒಂದು ಗುಳಿ, ಗುಳಿಯೊಳಗೆ ಒಂದಿಷ್ಟೂ ತೋಯದ ಕೈ. ಅದರ ಮಣಿಕಟ್ಟಿನ ಮೇಲೆ ಅದುಮಿ ಹಿಡಿದಂತೆ ನಾಲ್ಕು ಬೆರಳಿನ ಬಿಳಿ ಗುರುತು ಎದ್ದಿತು.

"ಬಿಟ್ಟುಬಿಡಮ್ಮ," ಎಂದರು ಗುರುಗಳು, ತಿರುಗಿ ನೋಡದೆ.

ಲಸಾರ್ ದೂರದಲ್ಲಿ, ದಡದ ಮೇಲೆ ಕೂತಿದ್ದಳು. "ನಾನೆಲ್ಲಿ ಹಿಡ್ಕೊಂಡಿದೀನಿ ಗುರುಗಳೇ?"

"ಅದು ನಿಂಗೇ ಗೊತ್ತು."

ಅವಳು ಕಣ್ಣು ಮುಚ್ಚಿದಳು. ಐಲಿಲ್‌ನ ಸೀಳಿದ ಹಣೆ ಕಣ್ಣ ಮುಂದೆ ಬಂತು, ದಿನಾ ಬರುವಂತೆ. "ಸಾಕು, ನನ್ನ ಮಗನನ್ನ ಬಿಟ್ಟೆ," ಎಂದಳು. ಗುಳಿ ಮುಚ್ಚಿಕೊಂಡ ಸದ್ದು ದಡದವರೆಗೂ ಕೇಳಿತು. ಲೊನಾನ್ ತೋಯ್ದ ಬೆರಳುಗಳನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಮಾತು ಕೇಳುತ್ತಿದ್ದವು. ಅವನು ಅತ್ತ, ಅವಳೂ ಅತ್ತಳು.

ಗರ್ಬಾನ್ ಬಂದ. ಲೊನಾನ್ ಅದೇ ಬಲಗೈಯಿಂದ ಅವನ ಕೈ ಹಿಡಿದು ಮೆಲ್ಲಗೆ ನೀರಿಗಿಳಿಸಿದ, ಮೆಲ್ಲಗೆ ಎತ್ತಿದ. ಏನೂ ಆಗಲಿಲ್ಲ. ಲಸಾರ್‌ಗೆ ಹೋದ ಜೀವ ಬಂದಂತಾಯಿತು. ಮುದುಕ ಚಳಿಗೆ ನಡುಗುತ್ತ ನೇರ ಅವಳ ಹತ್ತಿರ ಬಂದವನೇ ಮೊಣಕಾಲೂರಿ ತಲೆ ಬಗ್ಗಿಸಿದ. ಬಿಳಿಗೂದಲು ಒದ್ದೆಯಾಗಿ ತಲೆಗೆ ಅಂಟಿ, ತೆಳ್ಳನೆಯ ಕತ್ತು ಕಾಣುತ್ತಿತ್ತು.

"ಲಸಾರ್, ನಿನ್ನ ಗಂಡನನ್ನ ಕೊಂದ ಪಾಪಿ ನಾನು. ಒಂದು ಮಾತು ಹೇಳಿಬಿಡು ತಾಯಿ, ನೆಮ್ಮದಿಯಾಗಿ ಸಾಯ್ತೀನಿ."

"ಕ್ಷಮಿಸಿದೀನಿ ಕಣಪ್ಪ," ಎಂದಳು. ದೇವರಾಣೆಗೂ ಮನಸ್ಸಿನಲ್ಲಿದ್ದದ್ದೂ ಅದೇ.

ಅಂದು ನೀರಿನ ಮೇಲೆ ಉಳಿದದ್ದು ಒಂದೇ ಕೈಯಲ್ಲವೆಂಬುದು ಅವಳಿಗೆ ಹೊಳೆದದ್ದು ಆಗ. ಬೆನ್ನ ಹಿಂದೆ ಅವಳ ಬಲಗೈ ದಡದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಭಾರ ನೋಡುತ್ತಿತ್ತು.